ಕಾರಣದ ಕಾಲಂ

ಸಿಡ್ನಿಯ ಟೂಂಗಾಬಿಯ ಆ ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಎಲ್ಲರೂ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಯಾರೋ ಒಬ್ಬರು, "ಪಾಪ, ದೇವರಂಥ ಮನುಷ್ಯ. ಯಾರಿಗೂ ಒಂದು ದಿನ ಇಲ್ಲ ಅಂದವರಲ್ಲ," ಎಂದರು. ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ರೇಗಿತು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪುತ್ತೇನೆ. ಆದರೆ ಅದು ಅವರದೇ ಒಳ್ಳೆಯತನ ಆಗಿರಬೇಕಲ್ಲವೇ? ಈ ಮನುಷ್ಯ ದಿನಕ್ಕೆ ಹತ್ತು ಸಲ ಇಲ್ಲ ಅನ್ನುತ್ತಿದ್ದರು. ಇಲ್ಲ ಅಂದಮೇಲೆ ಯಾಕೆ ಇಲ್ಲ ಎಂಬುದನ್ನೂ ಹೇಳುತ್ತಿದ್ದರು, ಕೇಳುವವನಿಗೆ ಇಷ್ಟವಿರಲಿ ಬಿಡಲಿ. ಅದನ್ನೇ ಬಿಟ್ಟು ಮಾತಾಡಿದರೆ ಉಳಿಯುವುದು ಅವರಲ್ಲ, ಇನ್ಯಾರೋ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಇಷ್ಟವಾಗುತ್ತಿರಲಿಲ್ಲ. "ಹೆಸರು ಕಣ್ಣಿಗೆ ಬಿದ್ದ ತಕ್ಷಣ ನಮ್ಮ ಲೆಕ್ಕ ಕೆಡುತ್ತೆ ಇವ್ರೇ," ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು.

ನಮ್ಮದು ರೈಲ್ವೆ ಸಿಗ್ನಲ್‌ಗಳ ಡಿಸೈನ್ ಮಾಡುವ ಕಂಪನಿ. ಹೆಡ್ ಆಫೀಸು ಸಿಡ್ನಿಯಲ್ಲಿ, ಸಣ್ಣದೊಂದು ಬ್ರಾಂಚು ಮೆಲ್ಬರ್ನಿನಲ್ಲಿ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೆಲ್ಬರ್ನಿನ ಬ್ರಾಂಚಿಗೆ ಸೇರಿದೆ. ಅವರು ಸಿಡ್ನಿಯಲ್ಲಿ ಚೆಕಿಂಗ್ ಸೆಕ್ಷನ್ನಿನ ಮುಖ್ಯಸ್ಥರು. ನಾವು ಬರೆದ ಪ್ರತಿಯೊಂದು ಡ್ರಾಯಿಂಗೂ ಅವರ ಮೇಜಿನ ಮೇಲೆ ಹಾದು, ಅವರ ಸಹಿ ಬಿದ್ದ ಮೇಲೆಯೇ ಹೊರಗೆ ಹೋಗಬೇಕು. ಮೊದಲ ಒಂದು ವರ್ಷ ಅವರ ಮುಖವನ್ನೇ ನಾನು ನೋಡಿರಲಿಲ್ಲ. ಫ್ಯಾಕ್ಸಿನಲ್ಲಿ ವಾಪಸು ಬರುವ ಡ್ರಾಯಿಂಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದೇ ಒಂದು ಪದವಾಗಿ ಅವರು ನನಗೆ ಪರಿಚಯವಾದರು. ಅದೂ ಕನ್ನಡದಲ್ಲಿ: "ಯಾಕೆ?"

ಒಂದೇ ಲೆವೆಲ್ ಕ್ರಾಸಿಂಗಿನ ಡ್ರಾಯಿಂಗು ಏಳು ಸಲ ಹೀಗೆ ವಾಪಸು ಬಂದಿತ್ತು. ನಮ್ಮ ಬ್ರಾಂಚ್ ಮ್ಯಾನೇಜರು ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ಇದು ಯಾವ ಹೊಸ ಸಿಗ್ನಲ್ ಚಿಹ್ನೆ, ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ ಎಂದು ನನ್ನನ್ನು ಗಂಭೀರವಾಗಿ ಕೇಳಿದ. ನಮ್ಮ ಡ್ರಾಯಿಂಗುಗಳ ಮೂಲೆಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಏನು ಬದಲಾಯಿಸಿದೆವು, ಯಾರು ಬದಲಾಯಿಸಿದರು, ಯಾಕೆ ಬದಲಾಯಿಸಿದರು. ಕೊನೆಯ ಕಾಲಂನಲ್ಲಿ ಎಲ್ಲರೂ "ಅಗತ್ಯಕ್ಕೆ ತಕ್ಕಂತೆ" ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಅವರು ಮಾತ್ರ ಆ ಪೆಟ್ಟಿಗೆಯನ್ನು ಓದುತ್ತಿದ್ದರು. ಬಹುಶಃ ಇಡೀ ಆಸ್ಟ್ರೇಲಿಯಾದಲ್ಲಿ ಅದನ್ನು ಓದುತ್ತಿದ್ದವರು ಅವರೊಬ್ಬರೇ.

ಇಂಥ ಮನುಷ್ಯನಿಗೆ ಬೇಸ್‌ಬಾಲ್ ಹುಚ್ಚು ಹೇಗೆ ಹಿಡಿಯಿತು ಎಂದರೆ, ಸಿಡ್ನಿ ಆಫೀಸಿನಲ್ಲಿ ಟೆಕ್ಸಸ್ಸಿನಿಂದ ಬಂದ ಒಬ್ಬ ಎಂಜಿನಿಯರ್ ಇದ್ದ. ಅವನು ಒಂದು ಆಟ ಶುರುಮಾಡಿದ. ಎಂಟು ಜನ, ಸಿಡ್ನಿಯಲ್ಲಿ ಐವರು, ಮೆಲ್ಬರ್ನಿನಲ್ಲಿ ಮೂವರು. ಅಮೆರಿಕದಲ್ಲಿ ಸೀಸನ್ ಶುರುವಾಗುವ ಏಪ್ರಿಲ್‌ನಲ್ಲಿ ಒಬ್ಬೊಬ್ಬರೂ ಅಲ್ಲಿನ ನಿಜವಾದ ಆಟಗಾರರಲ್ಲಿ ಹದಿನೈದು ಜನರನ್ನು ಆರಿಸಿ ಕಾಗದದ ಮೇಲೆ ತಮ್ಮದೊಂದು ತಂಡ ಕಟ್ಟಬೇಕು. ಅವರು ಅಲ್ಲಿ ಹೊಡೆದ ರನ್ನು ಇಲ್ಲಿ ನಮ್ಮದು. ಮೇಲೆ ಇದ್ದವನು ಗೆದ್ದ. ಬಹುಮಾನ, ಕಿವಿ ಮುರಿದ ಒಂದು ಕಾಫಿ ಮಗ್ಗು. ಕ್ರಿಕೆಟ್ ಬಿಟ್ಟು ಇನ್ನೊಂದು ಗೊತ್ತಿಲ್ಲದ ನಾನೂ ಸೇರಿಕೊಂಡೆ, ಸೇರದಿದ್ದರೆ ಊಟದ ಹೊತ್ತಿನಲ್ಲಿ ಮಾತಾಡಲು ಏನೂ ಇರುತ್ತಿರಲಿಲ್ಲ.

ಆಟದ ಪ್ರಾಣ ಇದ್ದದ್ದು ಜುಲೈ ತಿಂಗಳಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಹದಿನೈದರಲ್ಲಿ ಒಬ್ಬನ ಮಂಡಿ ಹೋಗಿರುತ್ತದೆ, ಇನ್ನೊಬ್ಬನಿಗೆ ಚೆಂಡೇ ಕಾಣಿಸುತ್ತಿರುವುದಿಲ್ಲ. ಅಂಥವರನ್ನು ಬಿಟ್ಟು, ಯಾರೂ ಆರಿಸದೆ ಹಾಗೇ ಉಳಿದ ನೂರಾರು ಆಟಗಾರರಲ್ಲಿ ವಾರಕ್ಕೆ ಒಬ್ಬನನ್ನು ತೆಗೆದುಕೊಳ್ಳಬಹುದು. ಟೆಕ್ಸಸ್ಸಿನವನು ಅದನ್ನು ವೇವರ್ ಲಿಸ್ಟ್ ಅನ್ನುತ್ತಿದ್ದ. ನಾನೂ ಚೆಕಿಂಗಿನ ಅವರೂ ಕನ್ನಡದಲ್ಲಿ ಮಾತಾಡುವಾಗ "ಉಳಿದವರು" ಅನ್ನುತ್ತಿದ್ದೆವು. ಕೊನೆಯ ಸ್ಥಾನದಲ್ಲಿರುವವನಿಗೆ ಮೊದಲ ಆಯ್ಕೆ. ಅಮೆರಿಕದಿಂದ ಏರ್‌ಮೇಲಿನಲ್ಲಿ ಒಂದು ವಾರಪತ್ರಿಕೆ ಹತ್ತು ದಿನ ತಡವಾಗಿ ಸಿಡ್ನಿಗೆ ಬರುತ್ತಿತ್ತು. ಶುಕ್ರವಾರ ಅದರ ಅಂಕಿಗಳು ಎಲ್ಲರಿಗೂ ಫ್ಯಾಕ್ಸ್ ಆಗುತ್ತಿದ್ದವು, ಸೋಮವಾರ ಮಧ್ಯಾಹ್ನದೊಳಗೆ ನಮ್ಮ ಆಯ್ಕೆ ಕಳಿಸಬೇಕು. ಒಂದೇ ನಿಯಮ: ಆ ಪತ್ರಿಕೆ ಬಿಟ್ಟು ಬೇರೆ ಯಾವ ಸುದ್ದಿಯನ್ನೂ ನೋಡಕೂಡದು, ಕೇಳಕೂಡದು. ಎಂಟೂ ಜನ ಒಂದೇ ಹತ್ತು ದಿನ ಹಿಂದೆ ಬದುಕಬೇಕು. ಕಾಯಲು ಯಾರೂ ಇರಲಿಲ್ಲ, ನಮ್ಮ ನಮ್ಮ ಮಾತೇ ಕಾವಲು.

ಎರಡನೆಯ ವರ್ಷ ಟೆಕ್ಸಸ್ಸಿನವನು ಇವರ ಕೈಗೆ ಲೆಕ್ಕದ ಕೆಲಸ ಕೊಟ್ಟ. ಇವರು ಮಾಡಿದ ಮೊದಲ ಕೆಲಸ, ಆಯ್ಕೆಯ ಫಾರಮ್ಮಿಗೆ ಇನ್ನೊಂದು ಕಾಲಂ ಸೇರಿಸಿದ್ದು. ಬಿಡುವವನು ಯಾರು, ತೆಗೆದುಕೊಳ್ಳುವವನು ಯಾರು, ಕಾರಣ ಏನು. ಎಂಟು ಜನರ ಕಾಗದದ ಆಟಕ್ಕೂ ಕಾರಣ! ಆಸ್ಟ್ರೇಲಿಯಾದವರು ಬಿದ್ದು ಬಿದ್ದು ನಕ್ಕರು, ನಕ್ಕು ಬರೆದುಕೊಟ್ಟರು. ಯಾಕೆಂದರೆ ಬರೆಯದಿದ್ದರೆ ಇವರು ಫೋನ್ ಮಾಡುತ್ತಿದ್ದರು.

ಒಂದು ವಾರದ ಟ್ರೇನಿಂಗ್ ಎಂದು ನಾನು ಸಿಡ್ನಿಗೆ ಹೋದಾಗ ಹೋಟೆಲಿನಲ್ಲಿ ಇಳಿಯಲು ಬಿಡದೆ ಮನೆಗೆ ಕರೆದುಕೊಂಡು ಹೋದರು. ಐವತ್ತು ದಾಟಿದ, ಗಿಡ್ಡ, ತೆಳ್ಳಗಿನ ಮನುಷ್ಯ. ಚಳಿ ಇರಲಿ ಬಿಡಲಿ, ತೋಳಿಲ್ಲದ ಬೂದಿ ಬಣ್ಣದ ಸ್ವೆಟರು. ದಾರಿಯಲ್ಲಿ ಒಂದು ರೈಲ್ವೆ ಗೇಟು ಬಿತ್ತು. ರೈಲು ಹೋಗಿ ಗೇಟು ಎದ್ದಮೇಲೂ ಅವರು ಕಾರು ತೆಗೆಯಲಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. "ಎರಡು ಸೆಕೆಂಡ್ ಬೇಗ ಎದ್ದಿತು," ಎಂದು ಹೇಳಿ, ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡು, ಆಮೇಲೆ ಹೊರಟರು. ಅವರ ಹೆಂಡತಿ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಅಭ್ಯಾಸವಾಗಿತ್ತು ಎಂದು ಕಾಣುತ್ತದೆ.

ಭಾನುವಾರ ಬೆಳಗ್ಗೆ ಕಾಫಿಯಾದ ಮೇಲೆ ಊಟದ ಮೇಜಿನ ಮೇಲೆ ಫ್ಯಾಕ್ಸಿನ ಹಾಳೆಗಳನ್ನು ಹಾಸಿಕೊಂಡರು. ನಾನು ಗೆಲುವಿನಿಂದ, "ಇವನನ್ನ ತಗೊಳ್ತೀನಿ ಸಾರ್. ಹೋದ ವಾರ ನಾಲ್ಕು ಹೋಮ್ ರನ್ ಹೊಡೆದಿದಾನೆ," ಎಂದೆ.

"ಹೋದ ವಾರ ಮುಗೀತಲ್ಲ ಇವ್ರೇ. ಅದನ್ನ ನಿಮಗೆ ಯಾರೂ ಕೊಡಲ್ಲ. ನಿಮಗೆ ಸಿಗೋದು ಮುಂದಿನ ವಾರದ್ದು ಮಾತ್ರ."

ಸ್ಟೀಲ್ ಸ್ಕೇಲ್ ಒಂದನ್ನು ಹಾಳೆಯ ಎಡಬದಿಗೆ ಇಟ್ಟು ಹೆಸರುಗಳನ್ನೆಲ್ಲ ಮುಚ್ಚಿದರು. ಅಂಕಿಗಳು ಮಾತ್ರ ಉಳಿದವು. ಅವರ ಬೆರಳು ರನ್ನಿನ ಕಾಲಂ ಬಿಟ್ಟು ಇನ್ನೊಂದರ ಮೇಲೆ ಇಳಿಯಿತು. ಬೇಸ್‌ಬಾಲಿನಲ್ಲಿ ನಾಲ್ಕು ಕೆಟ್ಟ ಎಸೆತಗಳನ್ನು ಹೊಡೆಯದೆ ಬಿಟ್ಟವನಿಗೆ ಪುಕ್ಕಟೆಯಾಗಿ ಮೊದಲ ಬೇಸು ಸಿಗುತ್ತದೆ. ಯಾರು ಎಷ್ಟು ಸಲ ಹಾಗೆ ನಡೆದುಕೊಂಡು ಹೋದರು ಎಂಬ ಕಾಲಂ ಅದು. "ಹೊಡೆಯೋದು ಒಂದು ವಾರ ಬರುತ್ತೆ, ಒಂದು ವಾರ ಹೋಗುತ್ತೆ. ಕೆಟ್ಟದ್ದನ್ನ ಬಿಡೋದು ಒಂದ್ಸಲ ಬಂತು ಅಂದ್ರೆ ಹೋಗಲ್ಲ. ಇಲ್ನೋಡಿ, ಈತ ಯಾರೋ, ಒಳ್ಳೆ ತಾಳ್ಮೆ." ಆಮೇಲೆ ಸ್ಕೇಲನ್ನು ಒಂದಿಷ್ಟೇ ಸರಿಸಿ ಹೆಸರು ನೋಡಿ, ಆ ತಂಡದ ಪಟ್ಟಿ ತೆಗೆದರು. "ಈಗ ಇವನ ಮುಂದೆ ಯಾರು ನಿಂತಿದಾರೆ ನೋಡ್ಬೇಕು. ಜಾಗ ಇಲ್ದಿದ್ರೆ ಎಂಥವನಿಗೂ ಬೆಂಚೇ ಗತಿ." ಹಾಳೆಯಿಂದ ತಲೆಯೆತ್ತದೆ, "ನಾನೂ ಎರಡು ವರ್ಷ ಬೆಂಚಲ್ಲಿದ್ದೆ," ಎಂದರು. ಇಂಡಿಯಾದ ರೈಲ್ವೆಯಲ್ಲಿ ಹನ್ನೆರಡು ವರ್ಷ ಎಂಜಿನಿಯರ್ ಆಗಿದ್ದವರು ಇಲ್ಲಿಗೆ ಬಂದ ಹೊಸದರಲ್ಲಿ ಬೇರೆಯವರ ಡ್ರಾಯಿಂಗುಗಳ ನಕಲು ತೆಗೆಯುವ ಕೆಲಸ ಮಾಡಿದ್ದರಂತೆ. ಆ ಮಾತನ್ನು ಅವರು ಮತ್ತೆ ಎಂದೂ ಎತ್ತಲಿಲ್ಲ. ಅವತ್ತು ನನಗೆ ಅವರ ಮೇಲೆ ಹುಟ್ಟಿದ ಪ್ರೀತಿ ಮಾತ್ರ ಉಳಿಯಿತು.

ಪ್ರೀತಿ ಇದ್ದರೂ ನಾನು ಮಾಡಿದ್ದನ್ನು ಮಾಡಿದೆ.

ತೊಂಬತ್ತರ ದಶಕ ಶುರುವಾಗಿ ಕೆಲಸಗಳು ಹೋಗುತ್ತಿದ್ದ ಕಾಲ ಅದು. ಇಂಡಿಯಾದಿಂದ ಬಂದ ಎಂಜಿನಿಯರುಗಳು ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ನಿಂತಿದ್ದರು. ಆ ಜುಲೈನಲ್ಲಿ ನಾನು ಎಂಟರಲ್ಲಿ ಏಳನೆಯವನು. ಹಿಂದಿನ ಎರಡು ವರ್ಷವೂ ನಾನೇ ಕೊನೆಯವನು, ಟೆಕ್ಸಸ್ಸಿನವನು ಫ್ಯಾಕ್ಸಿನ ಕೆಳಗೆ ನನ್ನ ಬಗ್ಗೆ ಏನಾದರೊಂದು ಚುಚ್ಚುಮಾತು ಬರೆಯುತ್ತಿದ್ದ. ನನ್ನ ಹೆಂಡತಿ ವಸುಧಾಳ ತಮ್ಮ ನ್ಯೂಜೆರ್ಸಿಯಲ್ಲಿದ್ದ. ಶನಿವಾರ ಬೆಳಗ್ಗೆ ಅವನ ಜೊತೆ ಐಎಸ್‌ಡಿಯಲ್ಲಿ ಅವಳ ಮಾತು. ಕೊನೆಗೆ ರಿಸೀವರು ನನ್ನ ಕೈಗೆ ಬರುತ್ತಿತ್ತು, ಹೇಗಿದ್ದೀರಿ ಭಾವ, ಚೆನ್ನಾಗಿದೀನಪ್ಪ, ಅಷ್ಟೇ. ಒಂದು ಶನಿವಾರ ಅವನು ತಾನಾಗಿಯೇ ಬಾಯಿ ಬಿಟ್ಟ: "ಇಲ್ಲಿ ಒಂದು ಟೀಮಿನ ಕ್ಯಾಚರ್ ಬೆರಳು ಮುರ್ಕೊಂಡ ಭಾವ. ಬದಲಿಗೆ ಯಾರೋ ಹೊಸಬ ಬಂದಿದಾನೆ. ಏನ್ ಹೊಡೀತಾನೆ ಅಂತೀರಿ!" ಪತ್ರಿಕೆಯಲ್ಲಿ ಆ ಸುದ್ದಿ ಬರಲು ಇನ್ನೂ ಹತ್ತು ದಿನವಿತ್ತು. ಸೋಮವಾರ ನಾನು ಆ ಹೊಸಬನನ್ನು ಆರಿಸಿದೆ. ಕಿವಿಗೆ ತಾನಾಗಿ ಬಿದ್ದದ್ದು, ನಾನೇನು ಕೇಳಿದ್ದೆನೇ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ಶನಿವಾರ ಕೇಳಿದೆ. ಅದರ ಮುಂದಿನ ಶನಿವಾರ ವಸುಧಾ ಸ್ನಾನಕ್ಕೆ ಹೋಗಿದ್ದಾಗ ನಾನೇ ಫೋನ್ ಮಾಡಿದೆ. "ನನ್ನ ತಮ್ಮನ ಮೇಲೆ ನಿಮಗೆ ಈಗೀಗ ಎಷ್ಟು ಅಕ್ಕರೆ!" ಎಂದು ಅವಳು ಖುಷಿಪಟ್ಟಳು. ಅವಳಿಗೆ ಆಗ ಐದು ತಿಂಗಳು. ಮೂರು ವಾರ, ಮೂರು ಆಯ್ಕೆ, ಮೂರೂ ಬಂಗಾರ. ಏಳನೆಯ ಸ್ಥಾನದಿಂದ ಎರಡಕ್ಕೆ ಏರಿದೆ. ಟೆಕ್ಸಸ್ಸಿನವನ ಚುಚ್ಚುಮಾತು ನಿಂತಿತು. ಕಾರಣದ ಕಾಲಂನಲ್ಲಿ ನಾನು ಬರೆದದ್ದು ಇನ್ನೂ ನೆನಪಿದೆ: "ತಾಳ್ಮೆಯ ಆಟಗಾರ, ಮುಂದೆ ಜಾಗ ಸಿಗಬಹುದು." ಅವರ ಮಾತನ್ನೇ ಅವರಿಗೆ ತಿರುಗಿಸಿ ಕಳಿಸಿದ್ದೆ. ಮೋಸದಲ್ಲಿ ಅದೇ ಹೆಚ್ಚು ಕೆಟ್ಟದ್ದು ಎಂದು ಈಗ ಅನಿಸುತ್ತದೆ.

ಮೂರನೆಯ ವಾರದ ಮಂಗಳವಾರ ಅವರ ಫೋನ್ ಬಂತು.

"ಈ ಮೂರನೇ ಮನುಷ್ಯನ್ನ ಯಾಕೆ ತಗೊಂಡ್ರಿ ಇವ್ರೇ?"

"ಬರೆದಿದೀನಲ್ಲ ಸಾರ್."

"ಬರೆದಿದೀರಿ. ನಾನು ಪತ್ರಿಕೆ ಪೂರ್ತಿ ನೋಡಿದೆ. ಅದರ ಪ್ರಕಾರ ಇವನು ಇನ್ನೂ ಮೇಲಿನ ಯಾವ ಟೀಮಲ್ಲೂ ಇಲ್ಲ. ಕೆಳಗಿನ ದರ್ಜೆ ಲೀಗಲ್ಲಿ ಇದಾನೆ, ಅಲ್ಲೂ ಸಾಧಾರಣ. ಅದಕ್ಕೇ ಕೇಳಿದೆ."

ಎದುರಿನ ಮೇಜಿನಲ್ಲಿ ನನ್ನ ಸಹೋದ್ಯೋಗಿ, ವಿಯೆಟ್ನಾಮಿನಿಂದ ಬಂದ ಒಬ್ಬ ಹೆಂಗಸು, ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಿದ್ದರೂ ನಾನು ದನಿ ತಗ್ಗಿಸಿದೆ. "ಸಣ್ಣಕ್ಷರದಲ್ಲಿ ಹೆಸರು ನೋಡಿದೆ ಸಾರ್. ಹಾಗೇ... ಅನ್ನಿಸ್ತು."

"ಹಾಗೇ ಅನ್ನಿಸ್ತು."

"ಹೌದು ಸಾರ್."

ಲೈನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಅವರು ಕಾಯುತ್ತಿದ್ದರು. ಎಷ್ಟು ಹೊತ್ತು ಎಂದು ಹೇಳಲಾರೆ, ಆದರೆ ಎಸ್‌ಟಿಡಿ ಫೋನಿನಲ್ಲಿ ಅಷ್ಟು ಹೊತ್ತು ಯಾರೂ ಸುಮ್ಮನಿರುವುದಿಲ್ಲ. "ಸರಿ, ಇರಲಿ," ಎಂದು ಇಟ್ಟರು.

ಅದಾದ ಒಂಬತ್ತನೆಯ ದಿನ ನಮ್ಮ ಬ್ರಾಂಚನ್ನು ಮುಚ್ಚುತ್ತಾರೆ ಎಂಬ ಕಾಗದ ಬಂತು.

ಹನ್ನೊಂದು ಜನ ಇದ್ದೆವು. ಸಿಡ್ನಿಯಲ್ಲಿ ಮೂರು ಜಾಗ ಖಾಲಿ. ಪ್ರತಿಯೊಬ್ಬರ ಕೆಲಸದ ಬಗ್ಗೆ ಒಂದೊಂದು ಹಾಳೆ ಸಿದ್ಧಮಾಡಿ ಕಳಿಸಲಾಗುತ್ತದೆ, ಸಿಡ್ನಿಯ ಮೂವರು ಸೆಕ್ಷನ್ ಮುಖ್ಯಸ್ಥರು ತಲಾ ಒಬ್ಬರನ್ನು ಆರಿಸಿಕೊಳ್ಳುತ್ತಾರೆ, ಉಳಿದವರಿಗೆ ನಾಲ್ಕು ವಾರದ ನೋಟೀಸು. ಎರಡು ಜಾಗ ಸಿವಿಲ್‌ನವರಿಗೆ. ಸಿಗ್ನಲ್ ಕೆಲಸ ಗೊತ್ತಿದ್ದವರಿಗೆ ಇದ್ದದ್ದು ಚೆಕಿಂಗ್ ಸೆಕ್ಷನ್ನಿನ ಒಂದೇ ಜಾಗ. ಆ ಕೆಲಸ ಬಲ್ಲವರು ಬ್ರಾಂಚಿನಲ್ಲಿ ಇಬ್ಬರೇ, ನಾನು ಮತ್ತು ಎದುರು ಮೇಜಿನ ಆ ಹೆಂಗಸು. ಆರಿಸುವವರು ಆ ಸೆಕ್ಷನ್ನಿನ ಮುಖ್ಯಸ್ಥರಾದ ಅವರೇ.

"ಇನ್ನೇನ್ ಚಿಂತೆ ಬಿಡಿ," ಎಂದಳು ವಸುಧಾ. "ನಮ್ಮ ಮೈಸೂರಿನವರು. ಅವರ ಮನೇಲೇ ಒಂದು ವಾರ ಇದ್ದು ಬಂದಿದೀರ. ಆ ವಿಯೆಟ್ನಾಮಿನವಳನ್ನ ತಗೊಂಡು ನಿಮ್ಮನ್ನ ಬಿಡ್ತಾರಾ?" ಆಫೀಸಿನ ಬಿಳಿಯರೂ ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು, ನಿನಗೇನಪ್ಪ, ನಿನ್ನ ಮನುಷ್ಯ ಅಲ್ಲಿ ಕೂತಿದ್ದಾನೆ ಎಂದು. ವಸುಧಾ ಲೈಬ್ರರಿಯಿಂದ ಸಿಡ್ನಿಯ ಮ್ಯಾಪು ತಂದಳು. ಕ್ವೇಕರ್ಸ್ ಹಿಲ್‌ನಲ್ಲಿ ರೆಂಟ್ ಕಮ್ಮಿಯಂತೆ, ಹ್ಯಾರಿಸ್ ಪಾರ್ಕಿಗೆ ರೈಲಿನಲ್ಲಿ ಹೋದರೆ ನಮ್ಮ ಸಾಮಾನೆಲ್ಲ ಸಿಗುತ್ತಂತೆ, ಹೆರಿಗೆಗೆ ಅಲ್ಲಿ ಒಳ್ಳೆಯ ಆಸ್ಪತ್ರೆ ಇದೆಯಂತೆ. ನಾನು ಹ್ಞೂಂ ಹ್ಞೂಂ ಎನ್ನುತ್ತಾ ಅವಳ ಬೆರಳು ಮ್ಯಾಪಿನ ಮೇಲೆ ಓಡಾಡುವುದನ್ನು ನೋಡುತ್ತಿದ್ದೆ.

ಆ ಮೂರು ವಾರ ನಾನು ಫೋನನ್ನು ಎಷ್ಟು ಸಲ ಎತ್ತಿಟ್ಟೆನೋ. ಹೇಳಿಬಿಟ್ಟರೆ? ಸಾರ್, ಹೀಗೆ ಮಾಡಿದೆ, ತಪ್ಪಾಯಿತು. ಈಗ ಹೇಳಿದರೆ ಕೆಲಸಕ್ಕಾಗಿ ಹೇಳಿದಂತೆ ಕಾಣುವುದಿಲ್ಲವೇ? ಹಾಗಾದರೆ ಅವರಿಗೆ ಗೊತ್ತಾಗಿಯೇ ಇಲ್ಲವೆಂದುಕೊಂಡು ಸುಮ್ಮನಿರಲೇ? ಗೊತ್ತಾಗದಿದ್ದರೆ ಅಷ್ಟು ಹೊತ್ತು ಯಾಕೆ ಕಾದರು? ಆಟ ಮಾತ್ರ ನಡೆದೇ ಇತ್ತು. ಶುಕ್ರವಾರ ಅವರ ಅಕ್ಷರದಲ್ಲಿ ಪಟ್ಟಿ ಬರುತ್ತಿತ್ತು, ನಾನು ಎರಡನೆಯ ಸ್ಥಾನ, ಪಕ್ಕದಲ್ಲಿ ಒಂದು ಚುಕ್ಕೆಯೂ ಇಲ್ಲ. ಆ ಹಾಳೆಯನ್ನು ಬೆಳಕಿಗೆ ಹಿಡಿದು ಕೂಡ ನೋಡಿದ್ದೇನೆ, ಅಂಚಿನಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದು ಅಳಿಸಿದ್ದಾರೇನೋ ಎಂದು. ಫ್ಯಾಕ್ಸಿನಲ್ಲಿ ಅಳಿಸಿದ್ದು ಕಾಣುವುದಿಲ್ಲ ಎಂಬಷ್ಟೂ ಬುದ್ಧಿ ಇರಲಿಲ್ಲ ನನಗೆ. ಶನಿವಾರದ ಫೋನಿಗೆ ನಾನು ಬರುವುದನ್ನೇ ಬಿಟ್ಟೆ. ವಸುಧಾ, ತಮ್ಮ ಏನಾದರೂ ಅಂದನಾ ಎಂದು ಕೇಳಿದಳು.

ಕೆಲಸ ಯಾರಿಗೆ ಎಂದು ಕಂಪನಿ ತಿಳಿಸಬೇಕಾಗಿದ್ದ ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು. ಶನಿವಾರ ಬೆಳಗ್ಗೆ ಹತ್ತರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವರು. ಅದೇ ಬೂದಿ ಸ್ವೆಟರು, ಕೈಯಲ್ಲಿ ಒಂದು ಸಣ್ಣ ಚೀಲ, ಮುಖದಲ್ಲಿ ರೈಲಿನ ನಿದ್ದೆಗೇಡು. ಸಿಡ್ನಿಯಿಂದ ಮೆಲ್ಬರ್ನಿಗೆ ರೈಲಿನಲ್ಲಿ ಹತ್ತು ಹನ್ನೆರಡು ಗಂಟೆ. ನಾನು ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದೆ. ಹಿಂದೆ ಬಂದ ವಸುಧಾ, "ಅಯ್ಯೋ, ಬನ್ನಿ ಅಂಕಲ್, ಬನ್ನಿ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿಯೇ ಬಿಟ್ಟಳು. ಅವಳ ಮುಖ ಅರಳಿತ್ತು. ಇಷ್ಟು ದೂರ ಬಂದು ಯಾರಾದರೂ ಕೆಟ್ಟ ಸುದ್ದಿ ಹೇಳುತ್ತಾರೆಯೇ?

ಉಪ್ಪಿಟ್ಟು ಮಾಡಿದಳು. ಅವರು ಎರಡು ಸಲ ಹಾಕಿಸಿಕೊಂಡು ತಿಂದರು. "ಎಷ್ಟು ತಿಂಗಳಮ್ಮ?" "ಆರಕ್ಕೆ ಬಿತ್ತು ಅಂಕಲ್." "ಕಾಲು ಊದ್ತಿದೆಯಾ? ಉಪ್ಪು ಕಮ್ಮಿ ಮಾಡ್ಬೇಕು." ಹೀಗೇ ಮಾತು. ಕ್ವೇಕರ್ಸ್ ಹಿಲ್ ಹೇಗೆ ಅಂಕಲ್ ಎಂದು ಅವಳು ಕೇಳಿದಾಗ ಅವರ ಚಮಚ ಒಂದು ಕ್ಷಣ ನಿಂತಿತು. "ಒಳ್ಳೆ ಸಬರ್ಬು," ಎಂದರು. ನಾನು ತಟ್ಟೆಯಲ್ಲಿದ್ದ ಸಾಸಿವೆ ಕಾಳುಗಳನ್ನು ಎಣಿಸುತ್ತಿದ್ದೆ. ಕೈ ತೊಳೆದುಕೊಂಡು ಬಂದವರು, "ಬನ್ನಿ ಇವ್ರೇ, ನಿಮ್ಮ ಹಿತ್ತಲು ತೋರಿಸಿ," ಎಂದರು.

ಹಿತ್ತಲಲ್ಲಿ ತೋರಿಸಲು ಏನೂ ಇರಲಿಲ್ಲ. ಒಂದು ನಿಂಬೆ ಗಿಡ, ಬಟ್ಟೆ ಒಣಹಾಕುವ ಕಬ್ಬಿಣದ ಕೊಡೆ. ಆಗಸ್ಟಿನ ಗಾಳಿ ಕಿವಿ ಕತ್ತರಿಸುತ್ತಿತ್ತು. ಅವರು ಅಡಿಗೆಮನೆಯ ಕಿಟಕಿಗೆ ಬೆನ್ನು ಮಾಡಿ ನಿಂತರು.

"ನಾನು ನಿಮ್ಮನ್ನ ತಗೊಳ್ತಾ ಇಲ್ಲ," ಎಂದರು. "ಸೋಮವಾರ ಕಾಗದದಲ್ಲಿ ಗೊತ್ತಾಗೋದು ಬೇಡ ಅಂತ ಬಂದೆ."

ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. "ಆ ಆಟಕ್ಕಾ ಸಾರ್?"

"ಅಮೆರಿಕದಲ್ಲಿ ಯಾರಿದಾರೆ ನಿಮಗೆ?"

"...ಭಾವಮೈದ."

"ಅನ್ಕೊಂಡೆ. ನಮ್ಮೋರಿಗೆಲ್ಲ ಒಬ್ಬೊಬ್ಬರು ಅಲ್ಲಿ ಇದ್ದೇ ಇರ್ತಾರೆ. ನನ್ನ ತಂಗಿನೂ ಅಲ್ಲೇ ಇದಾಳೆ." ನಿಂಬೆ ಗಿಡದ ಒಂದು ಎಲೆ ಕಿತ್ತು ಮೂಸಿದರು. "ಆಟದಲ್ಲಿ ಮೋಸ ಮಾಡಿದ್ದಕ್ಕೆ ಅಲ್ಲ ಇವ್ರೇ. ಅದಕ್ಕೆ ಯಾರಾದ್ರೂ ಒಬ್ಬ ಮನುಷ್ಯನ ಕೆಲಸ ತೆಗೀತಾರಾ? ನಾನು ಫೋನ್ ಮಾಡಿ ಕೇಳ್ದಾಗ, ಸಾರ್, ಭಾವಮೈದ ಹೇಳ್ದ ಅಂದಿದ್ರೆ ನಕ್ಕುಬಿಡ್ತಿದ್ದೆ. ಎಷ್ಟು ಹೊತ್ತು ಕಾದೆ."

"ಸಾರ್, ಅವಳಿಗಿಂತ ನನ್ನ ಕೆಲಸ ಕಮ್ಮಿಯಾ? ಅದನ್ನ ಹೇಳಿ."

"ಇಲ್ಲ. ಸ್ಕೇಲ್ ಇಟ್ಟು ನೋಡ್ದೆ. ಒಂದು ಕೂದಲು ನೀವೇ ಮೇಲೆ. ಬೇಗ ಮಾಡ್ತೀರಿ, ಅಚ್ಚುಕಟ್ಟು." ಅವರು ಅದನ್ನು ಸುಲಭವಾಗಿ ಹೇಳಲಿಲ್ಲ. "ಆಕೆ ಹೋದ ವರ್ಷ ಕಳಿಸಿದ ಒಂದು ಡ್ರಾಯಿಂಗ್ ಇದೆ. ಗೇಟಿನ ವೈರಿಂಗು. ಎಲ್ಲಾ ಮುಗಿದು, ನಾನು ಸಹಿ ಹಾಕಿ ಆಗಿತ್ತು. ನನ್ನ ಕಣ್ಣಿಗೂ ತಪ್ಪು ಬಿದ್ದಿರ್ಲಿಲ್ಲ. ಆಕೆನೇ ವಾಪಸ್ ತರಿಸ್ಕೊಂಡು ತಿದ್ದಿದಾಳೆ. ಕಾರಣ ಅನ್ನೋ ಕಡೆ ಏನ್ ಬರ್ದಿದಾಳೆ ಗೊತ್ತಾ? ನನ್ನ ತಪ್ಪು. ಅಷ್ಟೇ. ಇಷ್ಟು ವರ್ಷ ಆ ಪೆಟ್ಟಿಗೆ ಓದಿದೀನಿ, ಹಾಗೆ ಬರೆದಿದ್ದನ್ನ ನೋಡಿದ್ದು ಅದೊಂದೇ ಸಲ."

ನಾನು ಬಟ್ಟೆ ಒಣಹಾಕುವ ಕೊಡೆಯ ಕಂಬ ಹಿಡಿದುಕೊಂಡೆ.

"ಗೇಟಿನ ಕೆಳಗೆ ಜನ ಓಡಾಡ್ತಾರೆ. ನನ್ನ ಪಕ್ಕದಲ್ಲಿ ಕೂತವರನ್ನ ನಾನು ಯಾಕೆ ಅಂತ ಕೇಳ್ದಾಗ, ಹಾಗೇ ಅನ್ನಿಸ್ತು ಅಂದ್ರೆ ನನಗೆ ರಾತ್ರಿ ನಿದ್ದೆ ಬರಲ್ಲ. ಏನೂ ಹೋಗದ ಜಾಗದಲ್ಲೇ ನಿಮಗೆ ಹೇಳಕ್ಕೆ ಆಗ್ಲಿಲ್ಲ. ಎಲ್ಲಾ ಹೋಗೋ ಜಾಗದಲ್ಲಿ ಹೇಳ್ತೀರ ಅಂತ ನಾನು ಹೇಗೆ ನಂಬ್ಲಿ?"

ಆ ಮಾತು ನನ್ನ ಎಲುಬಿಗೆ ತಗುಲಿತು. ಅವರನ್ನು ಹೊಡೆದುಬಿಡಬೇಕು ಎನಿಸಿತು, ಅವರ ಕೈ ಹಿಡಿದು ಅಳಬೇಕು ಎಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಅವರ ಕಣ್ಣು ಕೆಂಪಾಗಿತ್ತು, ಗಾಳಿಗೋ ನಿದ್ದೆಯಿಲ್ಲದ್ದಕ್ಕೋ ಗೊತ್ತಾಗಲಿಲ್ಲ. "ಬೇರೆ ಎರಡು ಕಂಪನಿಗೆ ನಿಮ್ಮ ಬಗ್ಗೆ ಕಾಗದ ಬರೀತೀನಿ," ಎಂದರು. "ಕೆಲಸ ಹೇಗೆ ಅಂತ ಕೇಳಿದ್ರೆ ಚೆನ್ನಾಗಿದೆ ಅಂತೀನಿ. ಬೇರೆ ಏನಾದ್ರೂ ಕೇಳಿದ್ರೆ ಅದನ್ನೂ ಹೇಳ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ."

"ಬರೀರಿ ಸಾರ್," ಎಂದೆ.

"ಒಳಗೆ ಆ ಹುಡುಗಿಗೆ ನಾನು ಏನೂ ಹೇಳಲ್ಲ. ಅದು ನಿಮ್ಮ ಕೆಲಸ."

ಒಳಗೆ ಬಂದು ಇನ್ನೊಂದು ಲೋಟ ಕಾಫಿ ಕುಡಿದರು. ಊಟಕ್ಕೆ ನಿಲ್ಲಿ ಎಂದು ವಸುಧಾ ಎಷ್ಟು ಕೇಳಿದರೂ ನಿಲ್ಲಲಿಲ್ಲ, ರೈಲಿದೆ ಎಂದರು. ಬಾಗಿಲಲ್ಲಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವಾಗ ಅವರ ಬೋಳುತಲೆಯ ನೆತ್ತಿ ಕಾಣಿಸಿತು, ಇದ್ದಕ್ಕಿದ್ದಂತೆ ಮುದುಕರಾಗಿ ಕಂಡರು. "ಆರೋಗ್ಯ ನೋಡ್ಕೊಳ್ಳಮ್ಮ," ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದರು. ಸ್ಟೇಷನ್ನಿಗೆ ಬಿಡುತ್ತೇನೆ ಎಂದು ಹೇಳಬೇಕೆಂದು ನನಗೆ ಹೊಳೆದದ್ದು ಅವರು ತಿರುವು ದಾಟಿದ ಮೇಲೆ.

ವಸುಧಾ ಬಾಗಿಲು ಹಾಕಿ ಅದಕ್ಕೆ ಒರಗಿ ನಿಂತಳು. ಮೇಜಿನ ಮೇಲೆ ಸಿಡ್ನಿಯ ಮ್ಯಾಪು ಬಿಚ್ಚಿಯೇ ಇತ್ತು.

"ಏನಂದ್ರು ರೀ?"

"ನನ್ನನ್ನ ತಗೊಳ್ತಾ ಇಲ್ಲವಂತೆ."

ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. "ಯಾಕಂತೆ?"

ಹೇಳಲು ಎಷ್ಟೊಂದು ಇತ್ತು. ಜಾಗ ಇಲ್ಲವಂತೆ. ಮೇಲಿನವರು ಒಪ್ಪಲಿಲ್ಲವಂತೆ. ನಮ್ಮವರು ಎಂದು ತಗೊಂಡರೆ ಆಡಿಕೊಳ್ಳುತ್ತಾರೆ ಎಂದು ಹೆದರಿದರು. ಯಾವುದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳು. ಇಡೀ ದೇಶದಲ್ಲಿ ಕೆಲಸಗಳು ಹೋಗುತ್ತಿದ್ದವು, ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಸೋಮವಾರದ ಹೊತ್ತಿಗೆ ನಾನೇ ಅದನ್ನು ನಂಬಿಬಿಡುತ್ತಿದ್ದೆ. ಅವಳು ಬಾಗಿಲಿಗೆ ಒರಗಿಕೊಂಡೇ ಕಾಯುತ್ತಿದ್ದಳು.

"ಜಾಗ ಇತ್ತು," ಎಂದೆ. "ಅವರು ನನ್ನ ಒಂದು ಪ್ರಶ್ನೆ ಕೇಳಿದ್ರು. ನಾನು ಸುಳ್ಳು ಹೇಳ್ದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಮೊದಲಿಂದ ಹೇಳಿ," ಎಂದಳು.

ಹೇಳಿದೆ.